ಸ್ಕೈವಾರ್ನ್ ಕ್ಲಾಸು, ಮೆಟ್‌ಎಡ್ ಪಾಠಗಳು: ಬಿರುಗಾಳಿ ನೋಡಲು ಕಲಿಯುವವರಿಗೆ ಯಾವುದು ಒಳ್ಳೆಯದು?

ಡಾಲಸ್, ಒಕ್ಲಹೋಮ ಸಿಟಿ, ಕಾನ್ಸಸ್ ಸಿಟಿ ಕಡೆ ಮನೆ ಮಾಡಿರುವ ಕನ್ನಡದವರು ಸ್ಕೈವಾರ್ನ್ ಕ್ಲಾಸಿಗೆ ಒಂದು ಸಲ ಹೋಗಲೇಬೇಕು. ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅನ್ನುವ ವಿವರ ಆಮೇಲೆ. ಅಮೆರಿಕದ ನ್ಯಾಷನಲ್ ವೆದರ್ ಸರ್ವಿಸ್‌ನವರು ಸ್ಕೈವಾರ್ನ್ ಅಂತ ಒಂದು ತರಬೇತಿ ಕೊಡುತ್ತಾರೆ. ಗುಡುಗು ಮಳೆ, ಆಲಿಕಲ್ಲು, ಟೊರ್ನೇಡೊ (ಮೋಡದಿಂದ ನೆಲದವರೆಗೆ ಇಳಿಯುವ ರಭಸದ ಸುಂಟರಗಾಳಿ) ಬಂದಾಗ ಕಣ್ಣಾರೆ ಕಂಡದ್ದನ್ನು ಹವಾಮಾನ ಕಚೇರಿಗೆ ಸರಿಯಾಗಿ ತಿಳಿಸುವ ಸ್ವಯಂಸೇವಕರನ್ನು ತಯಾರು ಮಾಡುವ ತರಬೇತಿ ಅದು. ಅವರಿಗೆ ಸ್ಪಾಟರ್ ಅಂತಾರೆ. ದೇಶದ ತುಂಬ ಇಂಥವರು 3.5 ಲಕ್ಷದಿಂದ 4 ಲಕ್ಷ ಜನ ಇದ್ದಾರೆ. ಫೀಸು ಇಲ್ಲ. ಸುಮಾರು ಎರಡು ಗಂಟೆ ಕೂತರೆ ಮುಗಿಯಿತು. ಹವಾಮಾನದ ಬಗ್ಗೆ ಏನೂ ಗೊತ್ತಿಲ್ಲದವರು, ಲಾರಿ ಓಡಿಸುವವರು, ಮೇಷ್ಟ್ರು, ಮನೆಯಲ್ಲೇ ಇರುವವರು, ಕಾಲೇಜು ಹುಡುಗರು ಎಲ್ಲರೂ ಬಂದು ಕೂರಬಹುದು.

ನಾನು ಡಾಲಸ್‌ನ ಉತ್ತರದ ಬಡಾವಣೆಯೊಂದರಲ್ಲಿ ಇರುವವನು. ಈ ಕ್ಲಾಸನ್ನು ಎದುರು ಕೂತೂ ಕೇಳಿದ್ದೇನೆ, ಆನ್‌ಲೈನ್‌ನಲ್ಲೂ ನೋಡಿದ್ದೇನೆ. ಅದರ ಜೊತೆಗೆ ಮೆಟ್‌ಎಡ್, ಜೆಟ್‌ಸ್ಟ್ರೀಮ್ ಅನ್ನುವ ಆನ್‌ಲೈನ್ ಶಾಲೆಗಳು, ಹವಾಮಾನ ತಜ್ಞರಿಗೇ ಮಾಡಿರುವ ರೇಡಾರ್ ಪಾಠಗಳು, ಹೀಗೆ ಪುಕ್ಕಟೆ ಸಿಗುವುದನ್ನೆಲ್ಲ ಒಂದೊಂದಾಗಿ ಓದುತ್ತಾ ಬಂದೆ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅಂತ ಯಾರೂ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವ ಪ್ರಶ್ನೆ: ಇಷ್ಟೊಂದು ರೇಡಾರ್, ಉಪಗ್ರಹ ಇರುವಾಗ ಮನುಷ್ಯನ ಕಣ್ಣು ಯಾಕೆ ಬೇಕು? ಕ್ಲಾಸಿನಲ್ಲಿ ಇದಕ್ಕೆ ಕೊಡುವ ಉತ್ತರ ತುಂಬ ಸರಳ. ರೇಡಾರ್ ಕಿರಣ ನೆಲಕ್ಕೆ ಅಂಟಿಕೊಂಡು ಹೋಗುವುದಿಲ್ಲ. ಸಾಮಾನ್ಯವಾಗಿ ಅತಿ ಕೆಳಗಿನ ಕಿರಣವೂ ಅರ್ಧ ಡಿಗ್ರಿ ಮೇಲಕ್ಕೆ ಓರೆಯಾಗಿರುತ್ತದೆ, ಅತ್ತ ಭೂಮಿ ಬಾಗುತ್ತಾ ಕೆಳಗೆ ಹೋಗುತ್ತದೆ, ಹಾಗಾಗಿ 100 ಕಿ.ಮೀ. ದೂರ ಹೋಗುವಷ್ಟರಲ್ಲಿ ಕಿರಣ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಇರುತ್ತದೆ, 160 ಕಿ.ಮೀ. ದೂರದಲ್ಲಿ ಹತ್ತಿರ ಹತ್ತಿರ ಮೂರು ಕಿ.ಮೀ. ಅದರ ಕೆಳಗೆ ಏನು ನಡೆಯುತ್ತಿದೆ ಅಂತ ರೇಡಾರ್‌ಗೆ ಕಾಣುವುದೇ ಇಲ್ಲ. ಮೋಡದೊಳಗೆ ಗಾಳಿ ಸುತ್ತುತ್ತಿದೆ ಅಂತ ಅದು ಹೇಳಬಹುದು. ಆ ಸುತ್ತು ನೆಲ ಮುಟ್ಟಿತಾ, ಇಲ್ವಾ ಅಂತ ಹೇಳಲು ಅಲ್ಲಿ ಒಬ್ಬ ಮನುಷ್ಯ ಬೇಕು. ಟೊರ್ನೇಡೊ ನೆಲ ಮುಟ್ಟಿ ಮನೆಯ ಚೂರು, ಮರದ ಚೂರು ಮೇಲೆಬ್ಬಿಸಿದ ಮೇಲೆ ಈಗಿನ ರೇಡಾರ್‌ಗಳು ಅದನ್ನೂ ಗುರುತಿಸುತ್ತವೆ ನಿಜ, ಆದರೆ ಅಷ್ಟರಲ್ಲಿ ಯಾರದೋ ಸೂರು ಹೋಗಿರುತ್ತದೆ.

ಈಗ ಕ್ಲಾಸಿನ ವಿಷಯ. ಇಲ್ಲಿ 122 ಹವಾಮಾನ ಕಚೇರಿಗಳಿವೆ. ಒಂದೊಂದು ಕಚೇರಿಯೂ ತನ್ನ ವ್ಯಾಪ್ತಿಯ ಊರುಗಳಲ್ಲಿ ಕ್ಲಾಸು ನಡೆಸುತ್ತದೆ. ನಮ್ಮ ಕಡೆ ಚಳಿಗಾಲ ಮುಗಿಯುವ ಮುಂಚೆ, ಜನವರಿಯಿಂದ ಮಾರ್ಚ್ ಒಳಗೆ ಹೆಚ್ಚು. ಯಾಕೆಂದರೆ ಏಪ್ರಿಲ್, ಮೇ ಬಂದರೆ ಬಿರುಗಾಳಿಯ ಕಾಲ ಶುರು. ಲೈಬ್ರರಿ, ಫೈರ್ ಸ್ಟೇಷನ್, ಕಾಲೇಜು ಹಾಲ್, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಪಾಠ ಮಾಡುವವರು ನಿಜವಾಗಿ ವಾರ್ನಿಂಗ್ ಕೊಡುವ ಕಚೇರಿಯವರೇ. ಇದೇ ಈ ಕ್ಲಾಸಿನ ದೊಡ್ಡ ಬಲ ಅಂತ ನನ್ನ ಅನಿಸಿಕೆ. ನೀವು ನಾಳೆ ಫೋನ್ ಮಾಡಿದರೆ ಆ ಕಡೆ ಎತ್ತುವವರು ಇಂಥವರೇ. ಅವರಿಗೆ ಏನು ಬೇಕು, ಏನು ಬೇಡ ಅಂತ ಅವರ ಬಾಯಿಂದಲೇ ಕೇಳುತ್ತೀರಿ.

ಮೊದಲ ಭಾಗದಲ್ಲಿ ಗುಡುಗು ಮೋಡ ಹೇಗೆ ಹುಟ್ಟುತ್ತದೆ ಅನ್ನುವುದು. ತೇವ, ಮೇಲಕ್ಕೇರುವ ಬಿಸಿಗಾಳಿ, ಅದನ್ನು ಎತ್ತುವ ಒಂದು ಒತ್ತು, ಎತ್ತರ ಹೋದಂತೆ ದಿಕ್ಕು ಮತ್ತು ವೇಗ ಬದಲಾಗುವ ಗಾಳಿ. ಈ ಕೊನೆಯದು ಇದ್ದರೆ ಮೋಡವೇ ಸುತ್ತಲು ಶುರುವಾಗುತ್ತದೆ, ಅದು ಸೂಪರ್‌ಸೆಲ್. ಇದನ್ನು ಬೇಗ ಮುಗಿಸಿ ಎರಡನೇ ಭಾಗಕ್ಕೆ ಬರುತ್ತಾರೆ. ಅಲ್ಲಿಂದ ಮುಂದೆ ಕ್ಲಾಸು ಕಳೆಗಟ್ಟುತ್ತದೆ.

ಆಕಾಶ ಇಡೀ ಕಪ್ಪಾಗಿ ನಿಂತಾಗ ಎಲ್ಲಿ ನೋಡಬೇಕು? ಹೊಸಬರು ಮಳೆ, ಮಿಂಚು ಜೋರಾಗಿರುವ ಕಡೆ ನೋಡುತ್ತಾರೆ. ಕ್ಲಾಸಿನಲ್ಲಿ ಅದನ್ನು ಬಿಡಿಸುತ್ತಾರೆ. ಮಳೆ ಬೀಳದ, ಚಪ್ಪಟೆಯಾಗಿ ಕಪ್ಪಗೆ ಕಾಣುವ ಮೋಡದ ತಳ ಇರುತ್ತದಲ್ಲ, ಅಲ್ಲಿ ನೋಡಬೇಕು. ಇಲ್ಲಿಯ ಸೂಪರ್‌ಸೆಲ್‌ಗಳು ಹೆಚ್ಚಾಗಿ ನೈಋತ್ಯದಿಂದ ಈಶಾನ್ಯಕ್ಕೆ ಚಲಿಸುತ್ತವೆ, ಆ ತಳ ಸಾಮಾನ್ಯವಾಗಿ ಹಿಂಭಾಗದಲ್ಲಿ, ದಕ್ಷಿಣ ಇಲ್ಲವೇ ನೈಋತ್ಯ ಮೂಲೆಯಲ್ಲಿ ಸಿಗುತ್ತದೆ. ಅದರಿಂದ ಇನ್ನೂ ಕೆಳಗೆ ಇಳಿದು ಗೋಡೆಯ ತುಂಡಿನಂತೆ ತೂಗುವುದು ವಾಲ್ ಕ್ಲೌಡ್. ಅದು ಸುತ್ತುತ್ತಿದೆಯಾ, ಸುತ್ತುವುದು ಹತ್ತಾರು ನಿಮಿಷ ನಿಲ್ಲುತ್ತಿದೆಯಾ ಅಂತ ನೋಡಬೇಕು. ಒಂದು ಫೋಟೋ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಅದಕ್ಕೇ ಕ್ಲಾಸಿನಲ್ಲಿ ವಿಡಿಯೋ ಹಾಕಿ, ಕೆಲವು ಸಲ ವೇಗ ಹೆಚ್ಚಿಸಿ ತೋರಿಸುತ್ತಾರೆ. ಪುಸ್ತಕದಲ್ಲಿ ಎಷ್ಟೇ ಚಿತ್ರ ನೋಡಿದರೂ ಬರದ ಕಣ್ಣು ಆ ವಿಡಿಯೋಗಳಿಂದ ಬರುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಪಾಠ ಅನಿಸಿದ್ದು ಯಾವುದು ಟೊರ್ನೇಡೊ ಅಲ್ಲ ಅನ್ನುವುದು. ಶೆಲ್ಫ್ ಕ್ಲೌಡ್ ಅಂತ ಒಂದಿದೆ. ಬಿರುಗಾಳಿಯ ಮುಂಭಾಗದಲ್ಲಿ ಉದ್ದಕ್ಕೆ, ಪದರ ಪದರವಾಗಿ ಇಡೀ ದಿಗಂತ ತುಂಬಿಕೊಂಡು ಬರುತ್ತದೆ. ನೋಡಿದರೆ ಎದೆ ಝಲ್ ಅನ್ನುತ್ತದೆ. ಅದು ಮಳೆಯ ಜೊತೆ ಕೆಳಗೆ ಬಿದ್ದ ತಣ್ಣನೆ ಗಾಳಿ ಮುಂದೆ ನುಗ್ಗುವಾಗ ಆಗುವ ಮೋಡ. ಜೋರು ಗಾಳಿ ತರಬಹುದು, ಮರ ಬೀಳಿಸಬಹುದು, ಟೊರ್ನೇಡೊ ಬೇರೆಯೇ ವಿಷಯ. ಇನ್ನೊಂದು ಸ್ಕಡ್. ಹರಿದ ಹತ್ತಿಯ ಹಾಗೆ ಕೆಳಗೆ ತೂಗುವ ಮೋಡದ ಚೂರುಗಳು, ಕೆಲವು ಸಲ ಮೊನಚಾಗಿ ಆನೆ ಸೊಂಡಿಲಿನ ಆಕಾರಕ್ಕೇ ಬಂದುಬಿಡುತ್ತವೆ. ಸುತ್ತುವುದಿಲ್ಲ. ಫೇಸ್‌ಬುಕ್‌ನಲ್ಲಿ ಪ್ರತಿ ವಸಂತದಲ್ಲೂ ಟೊರ್ನೇಡೊ ಅಂತ ಹರಿದಾಡುವ ಫೋಟೋಗಳಲ್ಲಿ ಇವೇ ಜಾಸ್ತಿ. ಇಂಥದ್ದನ್ನು ನೋಡಿ ಯಾರಾದರೂ ಫೋನ್ ಮಾಡಿದರೆ ಕಚೇರಿಯವರು ಅದನ್ನು ತೂಗಿ ನೋಡಲು ಸಮಯ ಹಾಕಬೇಕು, ಅದೇ ಹೊತ್ತಿಗೆ ಇನ್ನೊಂದು ಜಿಲ್ಲೆಯಲ್ಲಿ ನಿಜವಾದದ್ದು ಬರುತ್ತಿರಬಹುದು. ಕಂಡಷ್ಟನ್ನು ಮಾತ್ರ ಹೇಳಿ, ಊಹೆ ಬೇಡ, ಯಾವ ಹೊತ್ತಿಗೆ ಕಂಡಿರಿ, ನೀವು ಎಲ್ಲಿ ನಿಂತಿದ್ದೀರಿ, ಅದು ಯಾವ ದಿಕ್ಕಿನಲ್ಲಿ ಎಷ್ಟು ದೂರ ಇದೆ ಅಂತ ಹೇಳಿ. ಇಷ್ಟನ್ನೇ ಕ್ಲಾಸಿನಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದದ್ದನ್ನೆಲ್ಲ ಮುಂದೆ ದೂಡುವ ಅಭ್ಯಾಸ ಇರುವವರಿಗೆ ಈ ಒಂದು ಪಾಠಕ್ಕೇ ಎರಡು ಗಂಟೆ ಕೊಡಬಹುದು.

ಆಲಿಕಲ್ಲಿನ ಭಾಗವೂ ಚೆನ್ನಾಗಿದೆ. ಒಂದು ಇಂಚು ಅಡ್ಡಳತೆಯ ಕಲ್ಲು ಬಿದ್ದರೆ, ಇಲ್ಲವೇ ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿ.ಮೀ. ವೇಗದ ಗಾಳಿ ಬೀಸಿದರೆ, ಆ ಗುಡುಗು ಮಳೆಯನ್ನು ತೀವ್ರ ಅಂತ ಲೆಕ್ಕ ಹಾಕುತ್ತಾರೆ. ಮೊದಲು ಕಲ್ಲಿನ ಅಳತೆ ಮುಕ್ಕಾಲು ಇಂಚು ಇತ್ತು, 2010ರಲ್ಲಿ ದೇಶದ ತುಂಬ ಒಂದು ಇಂಚಿಗೆ ಏರಿಸಿದರು. ಗೋಲಿ ಗಾತ್ರ ಅಂತ ಹೇಳಬೇಡಿ, ಗೋಲಿಗಳು ಹತ್ತು ಗಾತ್ರದಲ್ಲಿ ಬರುತ್ತವೆ, ನಾಣ್ಯ ಇಲ್ಲವೇ ಚೆಂಡಿನ ಲೆಕ್ಕ ಹೇಳಿ ಅನ್ನುತ್ತಾರೆ. ಕ್ವಾರ್ಟರ್ ನಾಣ್ಯ ಅಂದರೆ ಒಂದು ಇಂಚು, ಗಾಲ್ಫ್ ಚೆಂಡು ಅಂದರೆ ಒಂದೂ ಮುಕ್ಕಾಲು, ಬೇಸ್‌ಬಾಲ್ ಅಂದರೆ ಎರಡೂ ಮುಕ್ಕಾಲು. ಹೊಸದಾಗಿ ಬಂದ ನಮ್ಮವರಿಗೆ ಬೇಸ್‌ಬಾಲ್ ಕೈಯಲ್ಲಿ ಹಿಡಿದು ಅಭ್ಯಾಸ ಇರುವುದಿಲ್ಲ. ಕ್ರಿಕೆಟ್ ಚೆಂಡು ನೆನಪಿಟ್ಟುಕೊಳ್ಳಿ, ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಊರಲ್ಲಿರುವವರು ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಅಂತ ಹೇಳುತ್ತೀರಲ್ಲ, ಅದರಲ್ಲೂ ಇದೇ ತೊಂದರೆ. ನಮ್ಮ 10 ರೂಪಾಯಿ ನಾಣ್ಯ 27 ಮಿ.ಮೀ., ಒಂದು ಇಂಚಿಗಿಂತ ಚೂರು ಜಾಸ್ತಿ. ಕಲ್ಲಿನ ಪಕ್ಕ ಅದನ್ನು ಇಟ್ಟು ಫೋಟೋ ತೆಗೆದರೆ ಸಾಕು, ಯಾರಿಗಾದರೂ ಲೆಕ್ಕ ಸಿಗುತ್ತದೆ. ಆಲಿಕಲ್ಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1995ರ ಮೇ 5ರಂದು ಫೋರ್ಟ್ ವರ್ತ್‌ನಲ್ಲಿ ಮೇಫೆಸ್ಟ್ ಜಾತ್ರೆಯಲ್ಲಿ ಬಯಲಲ್ಲಿ ನಿಂತಿದ್ದ ಜನರ ಮೇಲೆ ದೊಡ್ಡ ದೊಡ್ಡ ಕಲ್ಲು ಬಿದ್ದು 100ಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು. 2021ರ ಏಪ್ರಿಲ್‌ನಲ್ಲಿ ಇದೇ ಟೆಕ್ಸಸ್‌ನ ಹಾಂಡೊದಲ್ಲಿ ಬಿದ್ದ ಒಂದು ಕಲ್ಲು 6.4 ಇಂಚು ಇತ್ತು.

ಸುರಕ್ಷತೆಯ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸ್ಪಾಟರ್ ಬೇರೆ, ಬಿರುಗಾಳಿಯ ಹಿಂದೆ ಕಾರು ಓಡಿಸುವ ಚೇಸರ್ ಬೇರೆ. ನಿಮ್ಮ ಮನೆಯ ಹಿತ್ತಲು, ಆಫೀಸಿನ ಕಿಟಕಿ, ಅಷ್ಟೇ ಸಾಕು, ಎಲ್ಲಿಗೂ ಓಡಬೇಡಿ ಅಂತ ನೇರವಾಗಿ ಹೇಳುತ್ತಾರೆ. ಅದಕ್ಕೆ ಎಲ್ ರೆನೊ ಉದಾಹರಣೆ ಒಂದೇ ಸಾಕು. 2013ರ ಮೇ 31, ಒಕ್ಲಹೋಮದ ಎಲ್ ರೆನೊ ಹತ್ತಿರ ಎದ್ದ ಟೊರ್ನೇಡೊ ನೋಡನೋಡುತ್ತಿದ್ದ ಹಾಗೆ 2.6 ಮೈಲಿ ಅಗಲಕ್ಕೆ ಬೆಳೆಯಿತು, ದಿಕ್ಕನ್ನೂ ಬದಲಿಸಿತು. ವರ್ಷಗಟ್ಟಲೆ ಟೊರ್ನೇಡೊಗಳ ನಡುವೆ ಅಳತೆ ಯಂತ್ರ ಇಟ್ಟು ಸಂಶೋಧನೆ ಮಾಡಿದ್ದ, ತುಂಬ ಎಚ್ಚರದ ಮನುಷ್ಯ ಅಂತ ಹೆಸರಾಗಿದ್ದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದಕ್ಕೆ ಸಿಕ್ಕಿ ತೀರಿಕೊಂಡರು. ಅಂಥವರಿಗೇ ತಪ್ಪಿಸಿಕೊಳ್ಳಲು ಆಗಲಿಲ್ಲ.

ಹೆದ್ದಾರಿಯ ಮೇಲ್ಸೇತುವೆ ಕೆಳಗೆ ಅಡಗುವುದು ಕ್ಷೇಮ ಅನ್ನುವ ನಂಬಿಕೆಯನ್ನೂ ಇಲ್ಲಿ ಒಡೆಯುತ್ತಾರೆ. 1991ರಲ್ಲಿ ಕಾನ್ಸಸ್‌ನಲ್ಲಿ ತೆಗೆದ ಒಂದು ವಿಡಿಯೋ ಟಿವಿಗಳಲ್ಲಿ ಓಡಾಡಿ ಆ ನಂಬಿಕೆ ಹಬ್ಬಿತು. 1999ರ ಮೇ 3ರಂದು ಒಕ್ಲಹೋಮದಲ್ಲಿ ಹಾಗೆ ಸೇತುವೆಗಳ ಕೆಳಗೆ ನಿಂತವರಲ್ಲಿ ಮೂರು ಜನ ಸತ್ತರು. ಸೇತುವೆ ಕೆಳಗಿನ ಕಿಂಡಿಯಲ್ಲಿ ಗಾಳಿಯ ರಭಸ ಇನ್ನೂ ಏರುತ್ತದೆ, ಹಾರಿ ಬರುವ ವಸ್ತುಗಳು ಅಲ್ಲೇ ಬಂದು ಬಡಿಯುತ್ತವೆ. ಇಲ್ಲಿಗೆ ಬಂದ ಎಷ್ಟೋ ಜನ ಇಂದಿಗೂ ಆಲಿಕಲ್ಲು ಬಂದ ತಕ್ಷಣ ಸೇತುವೆ ಕೆಳಗೆ ಕಾರು ನಿಲ್ಲಿಸುತ್ತಾರೆ. ಹಿಂದಿನಿಂದ ಬರುವವರಿಗೂ ದಾರಿ ಮುಚ್ಚಿಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೊರತೆಗಳೂ ಇವೆ. ನಾನು ನೋಡಿದ ಚಿತ್ರ, ವಿಡಿಯೋಗಳಲ್ಲಿ ಬಹುಪಾಲು ಹಗಲಿನವು, ಬಟಾಬಯಲಿನವು. ಪಶ್ಚಿಮ ಒಕ್ಲಹೋಮದ ಗೋಧಿ ಹೊಲದಲ್ಲಿ ನಿಂತರೆ ಮೂವತ್ತು ಕಿ.ಮೀ. ದೂರದ ಮೋಡದ ತಳ ಕಾಣುತ್ತದೆ. ಡಾಲಸ್ ಪಕ್ಕದ ಪ್ಲೇನೋ, ಫ್ರಿಸ್ಕೋದ ಮನೆಯ ಹಿತ್ತಲಲ್ಲಿ ನಿಂತರೆ ಪಕ್ಕದ ಮನೆಯ ಎರಡನೇ ಮಹಡಿ ಕಾಣುತ್ತದೆ. ನಮ್ಮ ಕಡೆಯ ದೊಡ್ಡ ಏಟುಗಳು ಕತ್ತಲಲ್ಲೇ ಬಿದ್ದಿವೆ. 2015ರ ಡಿಸೆಂಬರ್ 26ರ ಸಂಜೆ ಗಾರ್ಲಂಡ್, ರೌಲೆಟ್ ಊರುಗಳ ಮೇಲೆ ಬಂದ ಟೊರ್ನೇಡೊದಲ್ಲಿ 10 ಜನ ಸತ್ತರು, ಹೆಚ್ಚಿನವರು ಹೆದ್ದಾರಿಯಲ್ಲಿ ಕಾರಿನಲ್ಲಿದ್ದವರು. ಚಳಿಗಾಲದಲ್ಲೂ ಬರುತ್ತದೆ ಅನ್ನುವುದಕ್ಕೂ ಅದೇ ಸಾಕ್ಷಿ. 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿ ಉತ್ತರ ಡಾಲಸ್ ಮೇಲೆ ಹಾದುಹೋದದ್ದು ಇಎಫ್3 ಬಲದ್ದು (ಟೊರ್ನೇಡೊ ಬಲವನ್ನು 0ಯಿಂದ 5ರವರೆಗೆ ಲೆಕ್ಕ ಹಾಕುತ್ತಾರೆ), ಪುಣ್ಯಕ್ಕೆ ಒಂದು ಜೀವವೂ ಹೋಗಲಿಲ್ಲ. ಕತ್ತಲಲ್ಲಿ ಮಿಂಚಿನ ಬೆಳಕು, ವಿದ್ಯುತ್ ತಂತಿ ತುಂಡಾಗಿ ಟ್ರಾನ್ಸ್‌ಫಾರ್ಮರ್ ಸಿಡಿಯುವ ನೀಲಿ ಹಸಿರು ಬೆಳಕು, ಇವೆರಡನ್ನು ಹೇಗೆ ಬೇರೆ ಮಾಡುವುದು ಅನ್ನುವಂಥ ವಿಷಯಕ್ಕೆ ಅರ್ಧ ಗಂಟೆ ಕೊಟ್ಟರೂ ಜಾಸ್ತಿ ಆಗುತ್ತಿರಲಿಲ್ಲ.

ಇನ್ನೊಂದು ಕೊರತೆ ನಮ್ಮಂಥವರಿಗೆ ಮಾತ್ರ ಕಾಣುವುದು. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುವುದು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ, ಚಳಿ ಮುಗಿಯಲಿ ಅಂತ. ಅದೇ ಬಿರುಗಾಳಿಯ ಕಾಲ. ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ, ಮನೆಯಲ್ಲಿ ಅವರಿಬ್ಬರೇ. ಸೈರನ್ ಕೂಗಿದರೆ ಅದು ಏನು ಅಂತಲೇ ಅವರಿಗೆ ಗೊತ್ತಿರುವುದಿಲ್ಲ, ಬಾಗಿಲು ತೆಗೆದು ಹೊರಗೆ ಬಂದು ನೋಡುತ್ತಾರೆ. ಫೋನಿಗೆ ಬರುವ ಎಚ್ಚರಿಕೆ ಇಂಗ್ಲಿಷ್‌ನಲ್ಲಿ ಇರುತ್ತದೆ. ಕ್ಲಾಸಿನಿಂದ ಬಂದ ಮೇಲೆ ನೀವು ಮಾಡಬೇಕಾದ ಮೊದಲ ಕೆಲಸ ಇದು: ಮನೆಯ ಅತಿ ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ಇಲ್ಲದ, ನಡುವಿನ ಕೋಣೆ ಯಾವುದು ಅಂತ ಅವರಿಗೆ ತೋರಿಸಿ. ಡಾಲಸ್ ಕಡೆಯ ಮನೆಗಳಲ್ಲಿ ನೆಲಮಾಳಿಗೆ ಇರುವುದು ಅಪರೂಪ, ಹಾಗಾಗಿ ಮೆಟ್ಟಿಲ ಕೆಳಗಿನ ಕ್ಲಾಸೆಟ್ ಇಲ್ಲವೇ ಒಳಗಿನ ಬಚ್ಚಲುಮನೆ. ಅಲ್ಲಿ ಒಂದು ಟಾರ್ಚು, ಚಪ್ಪಲಿ, ತಲೆಗೆ ಇಟ್ಟುಕೊಳ್ಳಲು ಮಕ್ಕಳ ಸೈಕಲ್ ಹೆಲ್ಮೆಟ್ ಇಟ್ಟಿರಿ. "ಅಮ್ಮಾ, ಈ ಸದ್ದು ಬಂದರೆ ಹೊರಗೆ ಹೋಗಬೇಡಿ, ಇಲ್ಲಿ ಬಂದು ಕೂತುಬಿಡಿ" ಅಂತ ಒಂದು ಸಲ ಅವರನ್ನು ಕರೆದುಕೊಂಡು ಹೋಗಿ ಕೂರಿಸಿ ತೋರಿಸಿ. ಸೈರನ್ ಇರುವುದೇ ಹೊರಗಿರುವವರನ್ನು ಒಳಗೆ ಕರೆಯಲು, ಮನೆಯೊಳಗೆ ನಿದ್ದೆಯಲ್ಲಿರುವವರಿಗೆ ಅದು ಕೇಳಿಸಲೇಬೇಕು ಅಂತ ಏನೂ ಇಲ್ಲ. ಅದಕ್ಕೆ ವೆದರ್ ರೇಡಿಯೋ ಒಂದು ತಂದಿಡಿ. ದೊಡ್ಡ ಖರ್ಚಿನದಲ್ಲ, ನಿಮ್ಮ ಕೌಂಟಿಯ ಸಂಖ್ಯೆ ಹಾಕಿಟ್ಟರೆ ಮಧ್ಯರಾತ್ರಿಯೂ ಎಬ್ಬಿಸುತ್ತದೆ.

ಸರ್ಟಿಫಿಕೇಟ್, ನಂಬರ್ ಅಂತ ಆಸೆ ಇರುವವರಿಗೆ ಒಂದು ಮಾತು. ಕೆಲವು ಕಚೇರಿಗಳು ಸ್ಪಾಟರ್ ನಂಬರ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೆಲವು ಕಡೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಕ್ಲಾಸಿಗೆ ಬರಬೇಕು ಅಂತಾರೆ. ನಿಮ್ಮ ಕಚೇರಿಯ ನಿಯಮ ನೋಡಿಕೊಳ್ಳಿ. ನಂಬರ್ ಇಲ್ಲದಿದ್ದರೂ ವರದಿ ಕೊಡಬಹುದು.

ಇನ್ನು ಮೆಟ್‌ಎಡ್. ಕೊಲರಾಡೋದ ಬೌಲ್ಡರ್‌ನಲ್ಲಿ ಕಾಮೆಟ್ ಅಂತ ಒಂದು ತರಬೇತಿ ಸಂಸ್ಥೆ 1989ರಿಂದ ಇದೆ, ಅವರ ಆನ್‌ಲೈನ್ ಶಾಲೆ ಇದು. ಹೆಸರು, ಇಮೇಲ್ ಕೊಟ್ಟು ಖಾತೆ ತೆರೆದರೆ ಪಾಠಗಳು ಪುಕ್ಕಟೆ, ಬೆಂಗಳೂರಿನಲ್ಲಿ ಕೂತವರಿಗೂ. ಸ್ಪಾಟರ್‌ಗಳಿಗೆ ಅಂತಲೇ ಎರಡು ಪಾಠ ಇದೆ. ಒಂದು ಸ್ಪಾಟರ್‌ನ ಕೆಲಸ ಏನು, ವರದಿ ಹೇಗೆ ಕೊಡಬೇಕು, ಸುರಕ್ಷಿತವಾಗಿ ಹೇಗಿರಬೇಕು ಅನ್ನುವುದು. ಇನ್ನೊಂದು ಗುಡುಗು ಮೋಡದ ಮೂಲ ಪಾಠ. ಕೊನೆಯಲ್ಲಿ ಚಿಕ್ಕ ಪರೀಕ್ಷೆ, ನೂರಕ್ಕೆ 70 ಬಂದರೆ ಸರ್ಟಿಫಿಕೇಟ್. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಇಂಗ್ಲಿಷ್ ಉಚ್ಚಾರ ಹಿಡಿಯಲು ಕಷ್ಟಪಡುವವರಿಗೆ ಓದಿಕೊಂಡು ಹೋಗುವ ಅನುಕೂಲ ಇದೆ. ಇದು ಎದುರು ಕೂತು ಕೇಳುವ ಕ್ಲಾಸಿಗಿಂತ ಕ್ರಮವಾಗಿದೆ, ಒಪ್ಪುತ್ತೇನೆ. ಆದರೆ ನಿಮ್ಮ ಊರಿನ ಹಳ್ಳ ಯಾವುದು ಬೇಗ ಉಕ್ಕುತ್ತದೆ, ನಿಮ್ಮ ಕಚೇರಿಯವರಿಗೆ ಎಷ್ಟು ಮಳೆ ಬಿದ್ದರೆ ಫೋನ್ ಮಾಡಬೇಕು, ಇವೆಲ್ಲ ಅಲ್ಲಿ ಸಿಗುವುದಿಲ್ಲ. ಕೈ ಎತ್ತಿ ಪ್ರಶ್ನೆ ಕೇಳಲೂ ಆಗುವುದಿಲ್ಲ. ಹಾಗಾಗಿ ನನ್ನ ಸಲಹೆ, ಮೆಟ್‌ಎಡ್‌ನ ಎರಡು ಪಾಠ ಮುಗಿಸಿಕೊಂಡು ಕ್ಲಾಸಿಗೆ ಹೋಗಿ. ಮೂಲ ವಿಷಯ ಗೊತ್ತಿದ್ದರೆ ಕ್ಲಾಸಿನ ವಿಡಿಯೋಗಳು ಬೇರೆಯೇ ರೀತಿ ಕಾಣುತ್ತವೆ.

ಹವಾಮಾನವನ್ನೇ ಓದುತ್ತಿರುವ ಹುಡುಗ ಹುಡುಗಿಯರಿಗೆ ಮೆಟ್‌ಎಡ್ ನಿಜವಾದ ನಿಧಿ. ಅದು ಮುಖ್ಯವಾಗಿ ಇರುವುದೇ ಮುನ್ಸೂಚನೆ ಕೊಡುವ ವೃತ್ತಿಯವರಿಗೆ. ಬಿಸಿಗಾಳಿ ಮೇಲೇರುವ ಶಕ್ತಿಯನ್ನು ಅಳೆಯುವ ಕೇಪ್, ಎತ್ತರದ ಗಾಳಿಯ ಚಿತ್ರ ಹೊಡೋಗ್ರಾಫ್, ಬಲೂನು ಹಾರಿಸಿ ತೆಗೆದ ಅಳತೆಗಳನ್ನು ಓದುವ ಸ್ಕ್ಯೂ-ಟಿ ನಕ್ಷೆ, ಒಂದೊಂದಕ್ಕೂ ಬಿಡಿಸಿ ಬಿಡಿಸಿ ಮಾಡಿದ ಪಾಠ ಇದೆ. ನಮ್ಮ ದೇಶದವರಿಗೆ ಇನ್ನೂ ಹತ್ತಿರದ್ದು ಅಂದರೆ ಉಷ್ಣವಲಯದ ಹವಾಮಾನದ ಮೇಲೆ ಅಲ್ಲಿರುವ ಇಡೀ ಪಠ್ಯಪುಸ್ತಕ. ಮಾನ್ಸೂನ್, ಚಂಡಮಾರುತ ಎಲ್ಲ ಅದರಲ್ಲಿ ಬರುತ್ತದೆ. ಕೆಲವು ಪಾಠ ಹಳೆಯವು, ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ಪ್ಯಾನಿಷ್, ಫ್ರೆಂಚ್‌ನಲ್ಲಿ ಬೇಕಾದಷ್ಟು ಪಾಠ ಇವೆ, ಕನ್ನಡದಲ್ಲಿ ನನಗೆ ಒಂದೂ ಸಿಕ್ಕಿಲ್ಲ.

ಜೆಟ್‌ಸ್ಟ್ರೀಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೆದರ್ ಸರ್ವಿಸ್‌ನವರ ಆನ್‌ಲೈನ್ ಶಾಲೆ, ಹೈಸ್ಕೂಲ್ ಮಟ್ಟದ್ದು, ತುಂಬ ಸ್ಪಷ್ಟ. ಮೋಡಗಳ ಗುರುತು, ಮಿಂಚು, ರೇಡಾರ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪುಟಗಳನ್ನು ಮಕ್ಕಳ ಜೊತೆ ಕೂತು ಓದಿ. ಖಾತೆ, ಪಾಸ್‌ವರ್ಡ್ ಯಾವ ಕಾಟವೂ ಇಲ್ಲ. ಮೇಷ್ಟ್ರುಗಳಿಗೆ ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗಗಳೂ ಇವೆ.

ಇದರ ಇನ್ನೊಂದು ತುದಿಯಲ್ಲಿ ಒಕ್ಲಹೋಮದ ನಾರ್ಮನ್‌ನಲ್ಲಿರುವ ವಾರ್ನಿಂಗ್ ಡಿಸಿಷನ್ ಟ್ರೈನಿಂಗ್ ಡಿವಿಷನ್‌ನವರ ರೇಡಾರ್ ಪಾಠಗಳು. ವಾರ್ನಿಂಗ್ ಕೊಡಲು ಹೊಸದಾಗಿ ಸೇರಿದ ಮುನ್ಸೂಚಕರಿಗೆ ಕಲಿಸುವ ಪಾಠ ಅದು, ಹೊರಗಿನವರೂ ಬಹಳಷ್ಟನ್ನು ನೋಡಬಹುದು. ಸಾಮಾನ್ಯ ಸ್ಪಾಟರ್‌ಗೆ ಇದು ಬೇಕಾಗಿಲ್ಲ, ಮೊದಲ ಪಾಠದಲ್ಲೇ ಸಂಕ್ಷಿಪ್ತ ಪದಗಳ ರಾಶಿ ಬಂದು ತಲೆ ಗಿರ್ ಅನ್ನುತ್ತದೆ. ಆದರೆ ಆ ಮುನ್ಸೂಚಕರು ಹೇಗೆ ತಯಾರಾಗುತ್ತಾರೆ ಅಂತ ತಿಳಿದರೆ ಅವರ ಮೇಲಿನ ಗೌರವ ಹೆಚ್ಚುತ್ತದೆ. ಹಿಂದೆ ನಿಜವಾಗಿ ಬಂದಿದ್ದ ಬಿರುಗಾಳಿಯ ರೇಡಾರ್ ದಾಖಲೆಯನ್ನು ಅವರ ಮುಂದೆ ಓಡಿಸುತ್ತಾರೆ, ಅವರು ಆಗಲೇ ನಡೆಯುತ್ತಿರುವಂತೆ ವಾರ್ನಿಂಗ್ ಬರೆಯಬೇಕು. ಕೊಟ್ಟರೆ ಸುಳ್ಳು ಎಚ್ಚರಿಕೆ ಆಗಬಹುದು, ಕೊಡದಿದ್ದರೆ ಜೀವ ಹೋಗಬಹುದು, ಯೋಚಿಸಲು ಇರುವುದು ನಿಮಿಷಗಳು. ಆ ನಿಮಿಷಗಳಲ್ಲಿ ಒಬ್ಬ ಸ್ಪಾಟರ್ ಫೋನ್ ಮಾಡಿ "ಸುತ್ತುವ ವಾಲ್ ಕ್ಲೌಡ್ ಕಾಣುತ್ತಿದೆ, ನನ್ನಿಂದ ಪಶ್ಚಿಮಕ್ಕೆ ಎರಡು ಮೈಲಿ" ಅಂದರೆ ಅವರಿಗೆ ಅದು ಎಷ್ಟು ದೊಡ್ಡ ಸಹಾಯ, ಅಲ್ವಾ.

ಬಿರುಗಾಳಿ ಅಂದರೆ ಭಯ, ಆದರೂ ಏನಾದರೂ ಮಾಡಬೇಕು ಅನ್ನುವವರಿಗೆ ಕೊಕೊರಾಸ್ ಅನ್ನುವ, ಮಳೆ ಅಳೆಯುವ ಸ್ವಯಂಸೇವಕರ ಜಾಲ ಇದೆ. 1997ರ ಜುಲೈ 28ರಂದು ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಪ್ರವಾಹ ಬಂದು 5 ಜನ ಸತ್ತರು. ಒಂದೇ ಊರಿನಲ್ಲಿ ಒಂದು ಬಡಾವಣೆಯಲ್ಲಿ ಬಿದ್ದ ಮಳೆಗೂ ಇನ್ನೊಂದರಲ್ಲಿ ಬಿದ್ದ ಮಳೆಗೂ ಅಜಗಜಾಂತರ, ಅಳೆಯುವ ಸಾಧನ ಮಾತ್ರ ಎಲ್ಲೋ ಒಂದೆರಡು. ಅದರಿಂದ ಪಾಠ ಕಲಿತು ಮರುವರ್ಷ ಶುರು ಮಾಡಿದ್ದು ಇದು. ನಾಲ್ಕು ಇಂಚು ಅಗಲದ ಮಳೆಮಾಪಕ ಹಿತ್ತಲಲ್ಲಿ ನೆಟ್ಟು ಪ್ರತಿ ಬೆಳಗ್ಗೆ ಅಳತೆ ಕಳಿಸುವುದು, ಅಷ್ಟೇ ಕೆಲಸ. ಮಳೆ ಬರದ ದಿನ ಸೊನ್ನೆ ಅಂತ ಕಳಿಸುವುದೂ ಅಷ್ಟೇ ಮುಖ್ಯ ಅಂತಾರೆ. ಮಾಪಕ ಮಾತ್ರ ದುಡ್ಡು ಕೊಟ್ಟು ತರಬೇಕು. ಅದೂ ಬೇಡ ಅಂದರೆ ಎಂಪಿಂಗ್ ಅನ್ನುವ ಆ್ಯಪ್‌ನಲ್ಲಿ, ಹೆಸರೂ ಹೇಳದೆ, ಈಗ ಇಲ್ಲಿ ಆಲಿಕಲ್ಲು ಬೀಳುತ್ತಿದೆ ಅಂತ ಒತ್ತಿದರೆ ಸಾಕು. ಊರಿಂದ ಬಂದ ಮಾವನವರಿಗೆ ಮಳೆಮಾಪಕದ ಕೆಲಸ ವಹಿಸಿ ನೋಡಿ. ಬೇಸಾಯ ಮಾಡಿದವರಾಗಿದ್ದರೆ ನಿಮಗಿಂತ ನಿಯಮವಾಗಿ ಮಾಡುತ್ತಾರೆ.

ಈಗ ಊರಲ್ಲಿ ಇರುವವರಿಗೆ. ಕರ್ನಾಟಕಕ್ಕೆ ಟೊರ್ನೇಡೊ ಪಾಠ ಅಷ್ಟಾಗಿ ಬೇಕಾಗಿಲ್ಲ. ಉಪಖಂಡದ ಪೂರ್ವ ಭಾಗಕ್ಕೆ ಬೇಕು, 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದಲ್ಲಿ ಒಂದೇ ಟೊರ್ನೇಡೊ ಸುಮಾರು 1300 ಜನರನ್ನು ಬಲಿ ತೆಗೆದುಕೊಂಡಿದೆ. ನಮಗೆ ಬೇಕಾದದ್ದು ಸಿಡಿಲು, ಆಲಿಕಲ್ಲು, ದಿಢೀರ್ ಪ್ರವಾಹದ ಪಾಠ. ಏಪ್ರಿಲ್, ಮೇ ಮುಂಗಾರು ಪೂರ್ವ ಮಳೆಯಲ್ಲಿ ಹೊಲದಲ್ಲಿ ಕೆಲಸ ಮಾಡುವವರು, ಮರದ ಕೆಳಗೆ ನಿಂತವರು, ಕುರಿ ಕಾಯುವವರು ಸಿಡಿಲಿಗೆ ಸಾಯುವ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಗುಡುಗು ಕೇಳಿಸಿತು ಅಂದರೆ ಸಿಡಿಲು ಹೊಡೆಯುವಷ್ಟು ಹತ್ತಿರ ಇದ್ದೀರಿ, ಗಟ್ಟಿ ಕಟ್ಟಡ ಇಲ್ಲವೇ ಮುಚ್ಚಿದ ವಾಹನದ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಸ್ಪಾಟರ್ ಕ್ಲಾಸಿನಲ್ಲಿ ಹೇಳುವ ಈ ನಿಯಮ ಸಿಂದಗಿಗೂ ಹೊಂದುತ್ತದೆ, ಚಳ್ಳಕೆರೆಗೂ ಹೊಂದುತ್ತದೆ. ಇನ್ನೊಂದು, ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೂ ಬೀಳಿಸುತ್ತದೆ, ಒಂದು ಅಡಿ ಇದ್ದರೆ ಚಿಕ್ಕ ಕಾರನ್ನು ಕೊಚ್ಚುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಳು. ನೀರು ಕಂಡರೆ ತಿರುಗಿಸಿ ಅನ್ನುವುದನ್ನು ಪ್ರತಿ ಕ್ಯಾಬ್ ಚಾಲಕನಿಗೂ ಕಲಿಸಬೇಕು.

ನಮ್ಮಲ್ಲಿ ಸಾಧನಗಳಿಗೆ ಬರ ಇಲ್ಲ ಅನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳತೆ ಕಳಿಸುವ ಮಳೆಮಾಪಕ ಹಾಕಿದ್ದಾರೆ. ಅವರ ವರುಣಮಿತ್ರ ಸಹಾಯವಾಣಿಗೆ ರೈತರು ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ಸಿಡಿಲು ಅಂತ ಆ್ಯಪ್ ಇದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರ ದಾಮಿನಿ ಆ್ಯಪ್ ಕೂಡ ಹತ್ತಿರದಲ್ಲಿ ಸಿಡಿಲು ಬಿದ್ದರೆ ಎಚ್ಚರಿಸುತ್ತದೆ. ಇವೆಲ್ಲ ಮೇಲಿನಿಂದ ಕೆಳಗೆ ಬರುವ ಮಾಹಿತಿ. ಕೆಳಗಿನಿಂದ ಮೇಲಕ್ಕೆ, ನಮ್ಮ ಹೊಲದಲ್ಲಿ ಈಗ 27 ಮಿ.ಮೀ. ಆಲಿಕಲ್ಲು ಬೀಳುತ್ತಿದೆ ಅಂತ ಹೇಳಲು ಜನಕ್ಕೆ ಎರಡು ಗಂಟೆಯ ಪಾಠ ಇದ್ದರೆ ಈ ಸಾಧನಗಳ ಬೆಲೆ ಇನ್ನೂ ಏರುತ್ತದೆ. ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ಸ್ವಂತ ರೇಡಿಯೋದಲ್ಲಿ ಮಾತಾಡುವುದು, ಬಲ್ಲವರು ಬೆಂಗಳೂರಲ್ಲಿ ಎಷ್ಟೋ ಜನ ಇದ್ದಾರೆ. ಟೆಕ್ಸಸ್‌ನಲ್ಲಿ ಸ್ಪಾಟರ್ ವರದಿಗಳನ್ನು ಹವಾಮಾನ ಕಚೇರಿಗೆ ಮುಟ್ಟಿಸುವುದರಲ್ಲಿ ಹ್ಯಾಮ್‌ಗಳದ್ದೇ ದೊಡ್ಡ ಪಾಲು.

ವೆದರ್ ಸರ್ವಿಸ್‌ನವರು ತಾವೇ ಬರೆದು ಮಾಡಿರುವ ಜೆಟ್‌ಸ್ಟ್ರೀಮ್‌ನಂಥ ಪಾಠಗಳು ಅಮೆರಿಕದ ಸರ್ಕಾರದವು, ಸಾಮಾನ್ಯವಾಗಿ ಅವಕ್ಕೆ ಕಾಪಿರೈಟ್ ಇರುವುದಿಲ್ಲ, ಅನುವಾದ ಮಾಡಿ ಹಂಚಬಹುದು. ಮೆಟ್‌ಎಡ್ ಹಾಗಲ್ಲ, ಅವರ ಷರತ್ತು ಓದಿ ಅನುಮತಿ ಕೇಳಬೇಕು. ಮಿಂಚು, ಆಲಿಕಲ್ಲು, ಪ್ರವಾಹ ಈ ಮೂರು ಭಾಗವನ್ನು ಕನ್ನಡಕ್ಕೆ ತಂದು, ಚಿತ್ರಗಳ ಜಾಗದಲ್ಲಿ ನಮ್ಮ ಬಯಲುಸೀಮೆಯ ಮೋಡಗಳನ್ನೇ ಹಾಕಿ ಒಂದು ಕ್ಲಾಸು ಮಾಡಬಹುದು. ವಿಜಯಪುರ, ಬೀದರ್, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮೋಡ ಏಳುವುದನ್ನು ಫೋಟೋ, ವಿಡಿಯೋ ತೆಗೆದಿಟ್ಟವರು ಇದ್ದರೆ, ತೆಗೆದ ಹೊತ್ತು, ನಿಂತ ಜಾಗ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು ಈ ಮೂರನ್ನು ಬರೆದು ಇಟ್ಟುಕೊಳ್ಳಿ. ಅನುವಾದದ ಕೆಲಸಕ್ಕೆ ನಾನು ತಯಾರಿದ್ದೇನೆ, ಹವಾಮಾನ ಓದಿದ ಒಬ್ಬಿಬ್ಬರು ತಿದ್ದಿಕೊಡಲು ಒಪ್ಪಿದರೆ ಮಿಂಚಿನ ಭಾಗದಿಂದ ಶುರು ಮಾಡೋಣ.